ಗಡಿಯಾರದ ಎದುರು ಮಿಖಾಯಿಲ್ ತಾಲ್

ಕಾವ್ಯಮೀಮಾಂಸೆಯ ತರಗತಿಯಲ್ಲಿ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ವಿವರಿಸುವ ದಿನ ಬಂದಾಗಲೆಲ್ಲ ನನಗೆ ಕವಿಗಳಿಗಿಂತ ಮೊದಲು ಒಬ್ಬ ಚದುರಂಗದ ಆಟಗಾರನ ನೆನಪಾಗುತ್ತದೆ. ಕನ್ನಡ ಅಧ್ಯಾಪಕನಿಗೆ ಇದು ಸಲ್ಲುವ ಗೀಳಲ್ಲವೆಂದು ಸಹೋದ್ಯೋಗಿಗಳು ನಗುವುದುಂಟು. ಆದರೆ ಆ ಆಟಗಾರನೂ ಸಾಹಿತ್ಯದ ವಿದ್ಯಾರ್ಥಿಯಾಗಿದ್ದವನೇ. ಇಪ್ಪತ್ತು ದಾಟಿದ ಹೊಸದರಲ್ಲಿ ಕೆಲಕಾಲ ಶಾಲೆಯಲ್ಲಿ ಮೇಷ್ಟ್ರಾಗಿಯೂ ದುಡಿದವನು. ಆದುದರಿಂದ ಅವನು ನಮ್ಮ ಕುಲದವನೆಂದು ಹೇಳಿಕೊಳ್ಳುವ ಹಕ್ಕು ನನಗಿದೆಯೆಂದು ಭಾವಿಸಿದ್ದೇನೆ. ಅವನ ಹೆಸರು ಮಿಖಾಯಿಲ್ ತಾಲ್.

ಈ ಹೆಸರನ್ನು ನಾನು ಮೊದಲು ಕೇಳಿದ್ದು ಎಂ.ಎ. ಓದುತ್ತಿದ್ದಾಗ, ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ. ಗಣಿತ ಓದುತ್ತಿದ್ದ ಗೆಳೆಯನೊಬ್ಬ ರಾತ್ರಿಯ ಊಟ ಮುಗಿದ ಮೇಲೆ ಮೇಜನ್ನು ಒರಸಿ ಅದರ ಮೇಲೆ ಚದುರಂಗದ ಮಣೆಯನ್ನು ಬಿಚ್ಚುತ್ತಿದ್ದ. ಒಂದು ರಾತ್ರಿ ಅವನು ಕೈಯಲ್ಲಿ ಚೀಟಿಯೊಂದನ್ನು ಹಿಡಿದು, ಹಳೆಯ ಆಟವೊಂದರ ನಡೆಗಳನ್ನು ಒಬ್ಬನೇ ಕುಳಿತು ನಡೆಸುತ್ತಿದ್ದ. ನಾನು ಸುಮ್ಮನೆ ನೋಡುತ್ತಿದ್ದೆ. ಹದಿನಾರನೆಯ ನಡೆಯಲ್ಲಿ ಬಿಳಿಯ ಕುದುರೆ ನೆಗೆದು, ಎದುರಾಳಿಯ ಕಾಲಾಳು ಸಲೀಸಾಗಿ ಹೊಡೆದುಹಾಕಬಹುದಾದ ಮನೆಗೆ ಹೋಗಿ ನಿಂತಿತು. ಚೀಟಿಯಲ್ಲಿ ತಪ್ಪಿದೆ, ಮತ್ತೊಮ್ಮೆ ನೋಡು ಎಂದೆ. ಅವನು ನಕ್ಕು, ತಪ್ಪಿಲ್ಲವೆಂದು ತಲೆಯಾಡಿಸಿದ. ಆ ಕುದುರೆಯ ಕತೆಗೆ ಮುಂದೆ ಬರುತ್ತೇನೆ.

ತಾಲ್ ಹುಟ್ಟಿದ್ದು 1936ರ ನವೆಂಬರ್ 9ರಂದು, ಬಾಲ್ಟಿಕ್ ಸಮುದ್ರದ ತೀರದ ಲಾಟ್ವಿಯ ದೇಶದ ರಿಗಾ ನಗರದಲ್ಲಿ, ಒಬ್ಬ ಯೆಹೂದಿ ವೈದ್ಯನ ಮನೆಯಲ್ಲಿ. ಹುಟ್ಟಿನಿಂದಲೇ ಬಲಗೈಯಲ್ಲಿ ಮೂರೇ ಬೆರಳುಗಳು. ಹಸುಗೂಸಾಗಿದ್ದಾಗಲೇ ಜೀವಕ್ಕೆ ಸಂಚಕಾರ ತರುವಂಥ ಕಾಯಿಲೆಯೊಂದು ಬಂದು ಹೋಯಿತು. ಆ ಮೂರು ಬೆರಳುಗಳ ಕೈಯಿಂದಲೇ ಅವನು ಮುಂದೆ ಪಿಯಾನೊ ನುಡಿಸಲು ಕಲಿತ. ಆ ಕೈಯಿಂದಲೇ ಕಾಯಿಗಳನ್ನೂ ನಡೆಸಿದ. ಅವನಿಗೆ ಐದು ವರ್ಷ ತುಂಬುವ ಮೊದಲೇ, 1941ರಲ್ಲಿ, ಜರ್ಮನ್ ಸೈನ್ಯ ರಿಗಾವನ್ನು ಹಿಡಿಯಿತು. ಅಷ್ಟರಲ್ಲಿ ತಾಲ್ ಕುಟುಂಬ ಊರು ಬಿಟ್ಟು ಯುರಲ್ ಸೀಮೆಯ ಕಡೆಗೆ ಹೋಗಿತ್ತು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಮತ್ತು ಡಿಸೆಂಬರ್ ಮೊದಲಲ್ಲಿ, ರಿಗಾದ ಹೊರವಲಯದ ರುಂಬುಲ ಕಾಡಿನಲ್ಲಿ ಸುಮಾರು 25,000 ಯೆಹೂದಿಗಳನ್ನು ಎರಡೇ ದಿನಗಳ ಕಾರ್ಯಾಚರಣೆಯಲ್ಲಿ ಕೊಂದರು. ಊರು ಬಿಡುವುದು ತಡವಾಗಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಕುಟುಂಬ ರಿಗಾಕ್ಕೆ ಮರಳಿತು. ತಂದೆಯ ಆಟವನ್ನು ನೋಡಿ ಕಲಿತ ಹುಡುಗ ಅಲ್ಲಿನ ಬಾಲಕರ ಚದುರಂಗ ಶಾಲೆಗೆ ಸೇರಿದ. 1949ರಿಂದ ಅಲೆಕ್ಸಾಂಡರ್ ಕೊಬ್ಲೆಂಟ್ಸ್ ಎಂಬ ಗುರುವಿನ ಕೈಗೆ ಬಂದ. ಓದಿನಲ್ಲಿಯೂ ಅವನದು ವಯಸ್ಸನ್ನು ಮೀರಿದ ಓಟ. ಹದಿನೈದನೆಯ ವಯಸ್ಸಿನಲ್ಲಿಯೇ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯ ವ್ಯಾಸಂಗ ಆರಂಭಿಸಿದ. ಅಲ್ಲಿ ಅವನು ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಇಲ್ಫ್ ಮತ್ತು ಪೆಟ್ರೊವ್ ಎಂಬ ಜೋಡಿ ಲೇಖಕರ ವಿಡಂಬನ ಸಾಹಿತ್ಯ. ಇವರ ಹನ್ನೆರಡು ಕುರ್ಚಿಗಳ ಕಾದಂಬರಿಯನ್ನು ಬಲ್ಲವರಿಗೆ ಇದರಲ್ಲಿ ಒಂದು ಸೊಗಸಾದ ಕಾಕತಾಳೀಯ ಕಾಣುತ್ತದೆ. ಆ ಕಾದಂಬರಿಯ ನಾಯಕ ಓಸ್ತಾಪ್ ಬೆಂಡರ್ ಎಂಬ ಮಾತಿನ ಮಲ್ಲ, ಚದುರಂಗದ ಗಂಧವೇ ಇಲ್ಲದವನು, ಒಂದು ಪುಟ್ಟ ಊರಿಗೆ ಹೋಗಿ ತಾನು ಗ್ರ್ಯಾಂಡ್‌ಮಾಸ್ಟರ್ ಎಂದು ಹೇಳಿಕೊಂಡು ಹತ್ತಾರು ಜನರೊಡನೆ ಏಕಕಾಲಕ್ಕೆ ಆಡಲು ನಿಲ್ಲುತ್ತಾನೆ. ಗುಟ್ಟು ಬಯಲಾಗುವ ಹೊತ್ತಿಗೆ ನದಿಯ ಕಡೆಗೆ ಓಟ ಕೀಳುತ್ತಾನೆ. ತಾಲ್ ಮುಂದೆ ಜಗತ್ತಿನ ದೊಡ್ಡ ಆಟಗಾರರನ್ನೆಲ್ಲ ಸೋಲಿಸತೊಡಗಿದಾಗ ಗಂಭೀರ ವಿಮರ್ಶಕರು ಅವನ ಮೇಲೆ ಹೊರಿಸಿದ ಆರೋಪವೂ ಹೆಚ್ಚು ಕಡಿಮೆ ಇದೇ ಆಗಿತ್ತು: ಇವನು ಎದುರಾಳಿಯ ಕಣ್ಣು ಕಟ್ಟುತ್ತಾನೆ, ಇವನ ಬಲಿಗಳು ಲೆಕ್ಕಕ್ಕೆ ನಿಲ್ಲುವುವಲ್ಲ ಎಂದು.

ಅವನ ಏರಿಕೆ ಬೆರಗು ಹುಟ್ಟಿಸುವಂಥದು. 1957ರಲ್ಲಿಯೂ 1958ರಲ್ಲಿಯೂ ಸೋವಿಯತ್ ಒಕ್ಕೂಟದ ಚಾಂಪಿಯನ್. 1959ರಲ್ಲಿ ಯುಗೊಸ್ಲಾವಿಯದಲ್ಲಿ ನಡೆದ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿ ವಿಶ್ವ ಪಟ್ಟಕ್ಕೆ ಸವಾಲು ಹಾಕುವ ಅಧಿಕಾರ ಪಡೆದ. ಆ ಸ್ಪರ್ಧೆಯಲ್ಲಿ ಬಾಬಿ ಫಿಷರ್ ಎಂಬ ಹದಿನಾರು ವರ್ಷದ ಅಮೆರಿಕದ ಹುಡುಗನೊಡನೆ ನಾಲ್ಕು ಆಟ ಆಡಿ ನಾಲ್ಕನ್ನೂ ಗೆದ್ದ. ಬಿಳಿಯ ಕಾಯಿ ಹಿಡಿದ ಫಿಷರ್‌ನ ಎದುರು ತಾನು ಕಪ್ಪಿನಿಂದ ಸಿಸಿಲಿಯನ್ ರಕ್ಷಣೆಯನ್ನೇ ಆಡಿ ಗೆದ್ದ. ಎದುರಾಳಿಯನ್ನು ದಿಟ್ಟಿಸಿ ನೋಡುವ ಅಭ್ಯಾಸ ತಾಲ್‌ಗಿತ್ತು. ಆ ನೋಟದಲ್ಲಿ ವಶೀಕರಣವಿದೆಯೆಂಬ ವದಂತಿ ಹಬ್ಬಿ, ಪಾಲ್ ಬೆಂಕೊ ಎಂಬ ಆಟಗಾರ ಅದೇ ಸ್ಪರ್ಧೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಆಡಲು ಬಂದ. ಕನ್ನಡಕದಿಂದ ಪ್ರಯೋಜನವೇನೂ ಆಗಲಿಲ್ಲ.

1960ರ ಮಾರ್ಚ್ 15ರಿಂದ ಮೇ 7ರವರೆಗೆ ಮಾಸ್ಕೋದ ಪುಷ್ಕಿನ್ ರಂಗಮಂದಿರದಲ್ಲಿ ವಿಶ್ವ ಪಟ್ಟದ ಪಂದ್ಯ ನಡೆಯಿತು. ಎದುರಿಗೆ ಮಿಖಾಯಿಲ್ ಬೊಟ್ವಿನಿಕ್: ವೃತ್ತಿಯಿಂದ ವಿದ್ಯುತ್ ಎಂಜಿನಿಯರ್, 1948ರಿಂದ ನಡುವೆ ಒಂದು ವರ್ಷ ಬಿಟ್ಟರೆ ಸತತವಾಗಿ ಪಟ್ಟದಲ್ಲಿದ್ದವನು, ಚದುರಂಗವನ್ನು ಶಾಸ್ತ್ರವನ್ನಾಗಿ ಸಾಧಿಸಿದವನು. ಇವನನ್ನು ವ್ಯುತ್ಪತ್ತಿಯ ಮೂರ್ತಿಯೆಂದು ಕರೆದರೆ ತಪ್ಪಾಗದು. ಆರನೆಯ ಆಟದಲ್ಲಿ ತಾಲ್ ತನ್ನ ಕುದುರೆಯೊಂದನ್ನು ಶತ್ರುಪಾಳೆಯದ ಮುಂದೆ ತಂದು ಬಲಿಗಿಟ್ಟ. ಸಭಾಂಗಣದಲ್ಲಿ ಎಷ್ಟು ಗದ್ದಲವೆದ್ದಿತೆಂದರೆ ಆಟವನ್ನು ಹಿಂದಿನ ಕೋಣೆಗೆ ಸಾಗಿಸಬೇಕಾಯಿತು. ಆ ಬಲಿಗೆ ತಕ್ಕ ಉತ್ತರವಿತ್ತೆಂದು ಪಂಡಿತರು ಆಮೇಲೆ ತೋರಿಸಿಕೊಟ್ಟರು. ಆದರೆ ಅದನ್ನು ಆ ಕೋಣೆಯಲ್ಲಿ, ಗಡಿಯಾರ ಓಡುತ್ತಿದ್ದಾಗ, ನಲವತ್ತೆಂಟು ವರ್ಷದ ಚಾಂಪಿಯನ್ ಕಂಡುಹಿಡಿಯಬೇಕಾಗಿತ್ತು, ಅವನಿಗೆ ಸಿಕ್ಕಲಿಲ್ಲ. ಆಟ ತಾಲ್‌ನದಾಯಿತು. ಒಟ್ಟು 12½ಕ್ಕೆ 8½ರಂತೆ ಪಂದ್ಯ ಗೆದ್ದು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವನು ವಿಶ್ವ ಚಾಂಪಿಯನ್ ಆದ. ಅಷ್ಟು ಚಿಕ್ಕವರು ಯಾರೂ ಅದುವರೆಗೆ ಆ ಪಟ್ಟಕ್ಕೆ ಏರಿರಲಿಲ್ಲ.

ಪ್ರತಿಭೆ ಕೆಲಸ ಮಾಡುವ ಬಗೆಯನ್ನು ಕುರಿತು ತಾಲ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಒಂದು ಪ್ರಸಂಗವನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಸೋವಿಯತ್ ಚಾಂಪಿಯನ್‌ಷಿಪ್ಪಿನಲ್ಲಿ ವಾಸ್ಯುಕೊವ್ ಎಂಬುವನೊಡನೆ ಆಟ. ಕುದುರೆಯೊಂದನ್ನು ಬಲಿ ಕೊಡಬಹುದೇ ಎಂದು ಅವನು ಲೆಕ್ಕ ಹಾಕತೊಡಗಿದ. ಒಂದು ದಾರಿ ಹತ್ತಾಗಿ, ಹತ್ತು ನೂರಾಗಿ, ತಲೆಯೆಲ್ಲ ಗೋಜಲಾಯಿತು. ಆಗ ಎಲ್ಲಿಂದಲೋ ಚುಕೊವ್‌ಸ್ಕಿ ಮಕ್ಕಳಿಗಾಗಿ ಬರೆದ ಪದ್ಯವೊಂದು ನೆನಪಿಗೆ ಬಂತು; ಕೆಸರಿನಲ್ಲಿ ಹೂತ ನೀರ್ಗುದುರೆಯನ್ನು ಮೇಲೆತ್ತುವ ಕಷ್ಟದ ಮಾತು ಅದರಲ್ಲಿದೆ. ನೀರ್ಗುದುರೆಯನ್ನು ನಿಜವಾಗಿ ಎತ್ತುವುದಾದರೂ ಹೇಗೆ? ಸನ್ನೆಗೋಲು, ಜಾಕಿ, ಹೆಲಿಕಾಪ್ಟರ್, ಹಗ್ಗದ ಏಣಿ ಎಲ್ಲವನ್ನೂ ಅವನು ಮನಸ್ಸಿನಲ್ಲಿಯೇ ಪರೀಕ್ಷಿಸಿ ನೋಡಿದ. ಯಾವುದೂ ಸಾಲದೆಂದು ಕಂಡು, ಮುಳುಗಿದರೆ ಮುಳುಗಲಿ ಎಂದು ನೀರ್ಗುದುರೆಯನ್ನು ಅಲ್ಲೇ ಬಿಟ್ಟ. ಮಣೆಯತ್ತ ಮತ್ತೆ ನೋಡಿದಾಗ ಗೋಜಲು ಮಾಯವಾಗಿತ್ತು. ಕುದುರೆಯನ್ನು ಬಲಿ ಕೊಟ್ಟ, ಆಟ ಗೆದ್ದ. ಮರುದಿನದ ಪತ್ರಿಕೆಯಲ್ಲಿ, ತಾಲ್ ನಲವತ್ತು ನಿಮಿಷಗಳ ಕಾಲ ಸೂಕ್ಷ್ಮವಾಗಿ ಲೆಕ್ಕ ಹಾಕಿ ಕರಾರುವಾಕ್ಕಾದ ಬಲಿಯನ್ನು ಕೊಟ್ಟನೆಂದು ವರದಿಯಾಯಿತಂತೆ. ಕವಿಗಳ ಕುರಿತು ನಾವು ಬರೆಯುವ ವಿಮರ್ಶೆಗಳಲ್ಲಿ ಇಂಥ ವರದಿಗಳು ಎಷ್ಟಿವೆಯೋ ಎಂಬ ಸಂಶಯ ನನಗೆ ಆಗಾಗ ಬರುತ್ತದೆ.

ಪಟ್ಟ ಒಂದೇ ವರ್ಷ ಉಳಿಯಿತು. ಸೋತ ಚಾಂಪಿಯನ್‌ಗೆ ಮರುಪಂದ್ಯದ ಹಕ್ಕಿದ್ದ ಕಾಲವದು. ಬೊಟ್ವಿನಿಕ್ ತಾಲ್‌ನ ಆಟವನ್ನು ಪಾಠದಂತೆ ಓದಿಕೊಂಡು ಬಂದ. ತಾಲ್ ರೋಗಿಯಾಗಿ ಬಂದ. ಅವನ ಮೂತ್ರಪಿಂಡಗಳು ಆಗಲೇ ಕೆಟ್ಟಿದ್ದವು. 1961ರಲ್ಲಿ ಬೊಟ್ವಿನಿಕ್ 13ಕ್ಕೆ 8ರಂತೆ ಗೆದ್ದು ಪಟ್ಟವನ್ನು ಮರಳಿ ಪಡೆದ. ಸೋಲಿಗೆ ಕಾಯಿಲೆಯೇ ಪೂರ್ತಿ ಕಾರಣವೆಂದು ಹೇಳಿ ನನ್ನ ನಾಯಕನನ್ನು ಕಾಪಾಡುವ ಇಚ್ಛೆ ನನಗಿಲ್ಲ. ಐವತ್ತರ ಅಂಚಿನಲ್ಲಿದ್ದ ಬೊಟ್ವಿನಿಕ್ ವರ್ಷವೆಲ್ಲ ದುಡಿದಿದ್ದ, ತಾಲ್ ದುಡಿದಿರಲಿಲ್ಲ. ಅಭ್ಯಾಸವೆಂಬ ಮೂರನೆಯ ಅಂಗ ತನ್ನ ಬಾಕಿಯನ್ನು ವಸೂಲು ಮಾಡಿತು. ಮರುವರ್ಷ ಕ್ಯುರಸಾವ್ ದ್ವೀಪದ ಸ್ಪರ್ಧೆಯ ನಡುವೆಯೇ ತಾಲ್ ಆಸ್ಪತ್ರೆ ಸೇರಿದ. ಕೊನೆಯ ಸುತ್ತುಗಳನ್ನು ಆಡಲಾಗಲಿಲ್ಲ. ಆಗ ಅವನನ್ನು ನೋಡಲು ಆಸ್ಪತ್ರೆಗೆ ಬಂದವನು, ಮೂರು ವರ್ಷಗಳ ಹಿಂದೆ ಅವನ ಕೈಯಲ್ಲಿ ನಾಲ್ಕು ಸಲ ಸೋತಿದ್ದ ಫಿಷರ್. 1969ರಲ್ಲಿ ಒಂದು ಮೂತ್ರಪಿಂಡವನ್ನು ತೆಗೆದುಹಾಕಿದರು. ಸಿಗರೇಟು ಮತ್ತು ಮದ್ಯವನ್ನು ಮಾತ್ರ ಅವನು ಬಿಡಲಿಲ್ಲ. ಇದನ್ನು ಕಲಾವಿದನ ಲಕ್ಷಣವೆಂದು ಮೆಚ್ಚುವವರಿದ್ದಾರೆ, ನಾನು ಮೆಚ್ಚಲಾರೆ. ಆ ದೇಹಕ್ಕೆ ಇದ್ದ ಕಾಲವೇ ಕೊಂಚ.

ಈಗ ಆ ಕುದುರೆಯ ಕತೆ. 1965ರಲ್ಲಿ ಬ್ಲೆಡ್ ಪಟ್ಟಣದಲ್ಲಿ ಡೆನ್ಮಾರ್ಕಿನ ಬೆಂಟ್ ಲಾರ್ಸನ್‌ನೊಡನೆ ಹತ್ತು ಆಟಗಳ ಪಂದ್ಯ. ಒಂಬತ್ತು ಆಟಗಳು ಮುಗಿದಾಗ ಇಬ್ಬರೂ 4½ರಲ್ಲಿ ಸಮ. ಹತ್ತನೆಯದರಲ್ಲಿ ತಾಲ್‌ಗೆ ಬಿಳಿ. ಲಾರ್ಸನ್ ಆಡಿದ್ದು ಸಿಸಿಲಿಯನ್. ಚದುರಂಗ ಆಡದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಾಗ ಕಪ್ಪಿನವನೂ ತನ್ನ ರಾಜನ ಕಾಲಾಳನ್ನು ಹಾಗೆಯೇ ನಡೆಸುವುದು ಹಳೆಯ ಮರ್ಯಾದೆ. ಎರಡು ಸೈನ್ಯಗಳೂ ಕನ್ನಡಿಯಲ್ಲಿ ಕಂಡಂತೆ ಎದುರುಬದುರು ನಿಲ್ಲುತ್ತವೆ. ಸಿಸಿಲಿಯನ್ ರಕ್ಷಣೆಯಲ್ಲಿ ಕಪ್ಪಿನವನು ಈ ಮರ್ಯಾದೆಯನ್ನು ಮೀರಿ, ಮಂತ್ರಿಯ ಪಕ್ಕದ ಒಂಟೆಯ ಮುಂದಿರುವ ಕಾಲಾಳನ್ನು ಎರಡು ಮನೆ ನುಗ್ಗಿಸುತ್ತಾನೆ. ನಡುಮಣೆಯ ಮೇಲೆ ಪಕ್ಕದಿಂದ ಕೈ ಹಾಕುತ್ತಾನೆ. ಸಿಸಿಲಿ ದ್ವೀಪದ ಪಾದ್ರಿ ಪಿಯೆತ್ರೊ ಕರೇರ 1617ರ ತನ್ನ ಗ್ರಂಥದಲ್ಲಿ ಇದನ್ನು ಕುರಿತು ಬರೆದ. ಹೆಸರಿನ ಮೂಲ ಅಲ್ಲಿದೆ. ಹೆಸರಿಗೆ ರಕ್ಷಣೆಯಾದರೂ ಇದು ಪ್ರತಿದಾಳಿಯೇ ಸರಿ. ಅನೇಕ ವೇಳೆ ಇಬ್ಬರು ರಾಜರೂ ಮಣೆಯ ಎರಡು ಬೇರೆ ಮಗ್ಗುಲುಗಳಲ್ಲಿ ಕೋಟೆ ಕಟ್ಟಿಕೊಳ್ಳುತ್ತಾರೆ. ಪ್ರತಿಯೊಬ್ಬನೂ ಇನ್ನೊಬ್ಬನ ಕೋಟೆಗೆ ಲಗ್ಗೆ ಹಾಕುತ್ತಾನೆ. ಯಾರು ಒಂದು ನಡೆ ಮುಂದಿದ್ದಾರೆ ಎಂಬುದರ ಮೇಲೆ ಸಾವು ಬದುಕು ನಿಂತಿರುತ್ತದೆ.

ಬ್ಲೆಡ್‌ನಲ್ಲಿ ಆದದ್ದೂ ಅದೇ. ಲಾರ್ಸನ್‌ನ ಕಾಲಾಳು ಬಂದು ಬಿಳಿಯ ಕುದುರೆಯನ್ನು ಗದರಿಸಿತು. ಹಿಂದೆಗೆದರೆ ದಾಳಿ ಒಂದು ಹೆಜ್ಜೆ ತಡವಾಗುತ್ತದೆ. ತಾಲ್ ಹಿಂದೆಗೆಯಲಿಲ್ಲ, ಕುದುರೆಯನ್ನು ಮುಂದಕ್ಕೆ, ನಡುಮಣೆಗೆ, ಸಾವಿನ ಬಾಯಿಗೇ ನೆಗೆಸಿದ. ಅದನ್ನು ಹೊಡೆದೊಡನೆ ಆನೆಗೆ ರಾಜಬೀದಿ ತೆರೆಯಿತು. ಎರಡು ಒಂಟೆಗಳ ದೃಷ್ಟಿಯೂ ಕಪ್ಪು ರಾಜನ ಕೋಟೆಯ ಮೇಲೆ ನೆಟ್ಟಿತು. ಕಾಯಿ ಕೊಟ್ಟು ಅವನು ಕೊಂಡುಕೊಂಡದ್ದು ಕಾಲವನ್ನು. ಇಲ್ಲಿಯೂ ಲಾರ್ಸನ್ ಮುಂದಿನ ನಡೆಯನ್ನು ಬೇರೆ ಬಗೆಯಲ್ಲಿ ಆಡಿದ್ದರೆ ಉಳಿಯುತ್ತಿದ್ದನೆಂದು ವಿಶ್ಲೇಷಕರು ಬರೆದಿದ್ದಾರೆ. ಆಟ ಮೂವತ್ತೇಳನೆಯ ನಡೆಗೆ ಮುಗಿಯಿತು. ಪಂದ್ಯವನ್ನು ತಾಲ್ ಗೆದ್ದ. ಪಂದ್ಯದ ಭವಿಷ್ಯವೆಲ್ಲ ಒಂದೇ ಆಟದಲ್ಲಿ ಉಳಿದಿದ್ದಾಗ, ಖಚಿತವಲ್ಲದ ಒಂದು ಬಲಿಯನ್ನು ಕೊಡುವ ಎದೆ ಎಂಥದೆಂದು ನಾನು ವಿದ್ಯಾರ್ಥಿನಿಲಯದ ಆ ಮೇಜಿನ ಮುಂದೆ ಬಹಳ ಹೊತ್ತು ಯೋಚಿಸಿದ್ದೆ.

ಗಣಕಯಂತ್ರಗಳು ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಹರಿತವಾಗಿದೆ. ಇಂದು ಶಾಲೆಯ ಹುಡುಗನೂ ಕೈಯಲ್ಲಿರುವ ದೂರವಾಣಿಯಲ್ಲಿ ತಾಲ್‌ನ ಆಟವನ್ನು ಹಾಕಿ, ಇಲ್ಲಿ ತಪ್ಪಿದೆ, ಅಲ್ಲಿ ತಪ್ಪಿದೆ ಎಂದು ಕ್ಷಣಮಾತ್ರದಲ್ಲಿ ತೋರಿಸಬಲ್ಲ. ನನ್ನ ವಿದ್ಯಾರ್ಥಿಯೊಬ್ಬ ಹಾಗೆ ತೋರಿಸಿಯೂ ಇದ್ದಾನೆ. ಅವನಿಗೆ ನಾನು ಕೊಟ್ಟ ಉತ್ತರ ನನಗೇ ಪೂರ್ತಿ ಸಮಾಧಾನ ಕೊಟ್ಟಿಲ್ಲ. ವ್ಯಾಕರಣದೋಷವಿರುವ ಪದ್ಯ ಒಳ್ಳೆಯ ಪದ್ಯವಾಗಬಹುದೆಂದು ನಾವು ಒಪ್ಪುತ್ತೇವೆ. ಆದರೆ ಚದುರಂಗದಲ್ಲಿ ಎದುರಿಗೊಬ್ಬ ಕುಳಿತು ಆ ದೋಷವನ್ನೇ ಹುಡುಕುತ್ತಿರುತ್ತಾನೆ. ತಾಲ್ ಪಣವಿಟ್ಟದ್ದು ಆ ಮನುಷ್ಯನ ಮೇಲೆ, ಅವನ ಭಯದ ಮೇಲೆ, ಅವನ ಗಡಿಯಾರದಲ್ಲಿ ಉಳಿದ ನಿಮಿಷಗಳ ಮೇಲೆ. ಇದು ಮೋಸವೇ, ಮನುಷ್ಯಜ್ಞಾನವೇ? ಎರಡನೆಯದೆಂದು ನನ್ನ ಒಲವು.

ಹಾಗೆಂದು ಅವನನ್ನು ಬರಿಯ ಸಾಹಸಿಯೆಂದು ತಿಳಿಯುವುದು ಅನ್ಯಾಯ. ಮೂತ್ರಪಿಂಡ ತೆಗೆದ ಮೇಲೆ ಅವನ ಆಟ ಹದಗೊಂಡಿತು. 1973ರ ಅಕ್ಟೋಬರಿನಿಂದ 1974ರ ಅಕ್ಟೋಬರಿನವರೆಗೆ ಸತತವಾಗಿ 95 ಆಟಗಳಲ್ಲಿ ಅವನು ಸೋಲಲಿಲ್ಲ: 46 ಗೆಲವು, 49 ಸಮ. ಈ ದಾಖಲೆಯನ್ನು ಮುರಿಯಲು ಚೀನದ ಡಿಂಗ್ ಲಿರೆನ್ 2018ರಲ್ಲಿ ಬರಬೇಕಾಯಿತು. 1979ರಲ್ಲಿ ಹುಟ್ಟೂರಿನಲ್ಲಿಯೇ ನಡೆದ ಸ್ಪರ್ಧೆಯಲ್ಲಿ ಹದಿನೇಳಕ್ಕೆ ಹದಿನಾಲ್ಕು ಅಂಕ ಗಳಿಸಿ ಮೊದಲಿಗನಾದ. ಪಟ್ಟ ಮಾತ್ರ ಮತ್ತೆ ಕೈಗೆ ಬರಲಿಲ್ಲ.

ಇವೆಲ್ಲಕ್ಕಿಂತ ಅವನಿಗೆ ಪ್ರಿಯವಾದದ್ದು ಶೀಘ್ರದಾಟ. ಮಣೆಯ ಪಕ್ಕದಲ್ಲಿ ಎರಡು ಮುಖದ ಗಡಿಯಾರ. ಒಬ್ಬೊಬ್ಬನಿಗೆ ಇಡೀ ಆಟಕ್ಕೆ ಐದೇ ನಿಮಿಷ. ನಡೆಯಿಟ್ಟು ಗುಂಡಿ ಒತ್ತಿದೊಡನೆ ಎದುರಾಳಿಯ ಮುಳ್ಳು ಓಡತೊಡಗುತ್ತದೆ. ಮುಳ್ಳಿನ ಪುಟ್ಟ ಬಾವುಟ ಬಿದ್ದರೆ ಮಣೆಯ ಮೇಲೆ ಎಷ್ಟು ಕಾಯಿಗಳಿದ್ದರೂ ಸೋಲು. ಲೆಕ್ಕಕ್ಕೆ ಇಲ್ಲಿ ಎಡೆಯಿಲ್ಲ, ಕಂಡದ್ದೇ ಕಾಣ್ಕೆ. ನಮ್ಮ ಆಶುಕವಿತೆಯ ಜಾತಿಗೆ ಸೇರಿದ ವಿದ್ಯೆಯಿದು, ಅದರಂತೆಯೇ ಪಂಡಿತರಿಂದ ಸ್ವಲ್ಪ ಅವಜ್ಞೆಗೂ ಪಾತ್ರವಾದದ್ದು. 1988ರಲ್ಲಿ ಕೆನಡದ ಸೇಂಟ್ ಜಾನ್ ನಗರದಲ್ಲಿ ವಿಶ್ವ ಶೀಘ್ರ ಚದುರಂಗದ ಸ್ಪರ್ಧೆ ನಡೆಯಿತು. ಆಗಿನ ವಿಶ್ವ ಚಾಂಪಿಯನ್ ಕಾಸ್ಪರೊವ್, ಹಿಂದಿನ ಚಾಂಪಿಯನ್ ಕಾರ್ಪೊವ್ ಇಬ್ಬರೂ ನಡುವೆಯೇ ಸೋತು ಹೊರಬಿದ್ದರು. ಗೆದ್ದವನು ಒಂದೇ ಮೂತ್ರಪಿಂಡದ, ಐವತ್ತೊಂದು ವರ್ಷದ ತಾಲ್.

ನಮ್ಮ ಸೀಮೆಗೂ ಅವನಿಗೂ ಸಣ್ಣದೊಂದು ನಂಟಿದೆ. ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಅವನ ಹೆಸರಿನ ಚದುರಂಗ ಕೂಟವೊಂದಿತ್ತು. ವಿಶ್ವನಾಥನ್ ಆನಂದ್ ಅವರು ಬಾಲಕರಾಗಿ ಆಡಿ ಬೆಳೆದದ್ದು ಅಲ್ಲಿಯೇ. ಮುಂದೆ ಜಗತ್ತನ್ನೆಲ್ಲ ಬೆರಗುಗೊಳಿಸಿದ ಅವರ ಕೈವೇಗದಲ್ಲಿ ಆ ಹೆಸರಿನ ಪಾಲೆಷ್ಟೋ ಹೇಳಲಾಗದು.

1992ರ ಮೇ ತಿಂಗಳು. ಸೋವಿಯತ್ ಒಕ್ಕೂಟ ಇಲ್ಲವಾಗಿತ್ತು. ಲಾಟ್ವಿಯ ಮರಳಿ ಸ್ವತಂತ್ರ ದೇಶವಾಗಿತ್ತು. ತಾಲ್ ಬಾರ್ಸಿಲೋನದಲ್ಲಿ ತನ್ನ ಕೊನೆಯ ದೀರ್ಘಸ್ಪರ್ಧೆಯನ್ನು ಆಡಿದ. ಮೇ 5ರ ಕೊನೆಯ ಆಟದಲ್ಲಿ ಅವನು ಸಮ ಮಾಡಿಕೊಳ್ಳೋಣವೆಂದು ಕೇಳಿದ. ಎದುರಿದ್ದ ತರುಣ ಅಕೋಪಿಯನ್ ಒಪ್ಪಲಿಲ್ಲ. ಸೋತವನು ಅಕೋಪಿಯನ್ನೇ. ಆಮೇಲೆ ಮಾಸ್ಕೋದ ಆಸ್ಪತ್ರೆ. ಅದೇ ತಿಂಗಳ 28ರಂದು ನಗರದಲ್ಲಿ ಶೀಘ್ರದಾಟದ ಸ್ಪರ್ಧೆಯೊಂದಿತ್ತು. ಮರಣಶಯ್ಯೆಯಲ್ಲಿದ್ದವನು ಆಸ್ಪತ್ರೆಯಿಂದೆದ್ದು ಅಲ್ಲಿಗೆ ಆಡಲು ಬಂದ.

ಕಾಸ್ಪರೊವ್‌ನ ಎದುರು ಅವನಿಗೆ ಬಿಳಿಯ ಕಾಯಿ ಬಂತು. ಕಾಸ್ಪರೊವ್ ಆಗಲೂ ವಿಶ್ವ ಚಾಂಪಿಯನ್, ಇಪ್ಪತ್ತೊಂಬತ್ತರ ತುಂಬು ಹರೆಯ. ಕಪ್ಪಿನಿಂದ ಸಿಸಿಲಿಯನ್ ಆಡುವುದರಲ್ಲಿ ಅವನನ್ನು ಮೀರಿಸುವವರು ವಿರಳ. ತಾಲ್ ರಾಜನ ಕಾಲಾಳನ್ನು ನಡೆಸಿದ. ಉತ್ತರವಾಗಿ ಸಿಸಿಲಿಯನ್ ಬಂತು. ಮೂರನೆಯ ನಡೆಯಲ್ಲಿ ಬಿಳಿಯ ಒಂಟೆ ಓರೆಯಾಗಿ ಓಡಿ ಕಪ್ಪು ರಾಜನಿಗೆ ಚೆಕ್ ಕೊಟ್ಟಿತು. ಕಪ್ಪು ಕುದುರೆ ಅಡ್ಡ ನಿಂತಿತು. ಪುಸ್ತಕಗಳಲ್ಲಿ ಈ ಚೆಕ್ಕಿಗೆ ಮಾಸ್ಕೋದ ಹೆಸರೇ ಇದೆ. ಆ ಕುದುರೆಯನ್ನೂ ಸೇರಿಸಿ ಕಾಸ್ಪರೊವ್‌ನ ಕಾಯಿಗಳು ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ ತಾಲ್ ನಡುಮಣೆಯನ್ನು ಒಡೆದು ತೆರೆದ. ಇಪ್ಪತ್ತು ನಡೆಗಳು ಕೂಡ ಆಗಲಿಲ್ಲ; ಆಟ ತಾಲ್‌ನದಾಯಿತು.

ಆ ಆಟವನ್ನು ನಾನು ನನ್ನ ಹಳೆಯ ಮಣೆಯ ಮೇಲೆ ಎಷ್ಟೋ ಸಲ ನಡೆಸಿ ನೋಡಿದ್ದೇನೆ. ಲಾರ್ಸನ್‌ನೊಡನೆ ಆಡಿದ ಆಟದಂಥ ಘನತೆ ಅದಕ್ಕಿಲ್ಲ. ಅವಸರದ ಆಟ, ಇಬ್ಬರಿಂದಲೂ. ತಾಲ್‌ನ ಶ್ರೇಷ್ಠ ಆಟಗಳ ಸಂಕಲನವನ್ನು ನಾನು ಮಾಡುವುದಾದರೆ ಬಹುಶಃ ಅದನ್ನು ಸೇರಿಸಲಾರೆ. ಆದರೂ ಕೈ ಅದರ ಕಡೆಗೇ ಹೋಗುತ್ತದೆ. ಕಾಯಿ ಜೋಡಿಸಿ ಪ್ರಾರಂಭಿಸಿದರೆ ಮನೆಯವರು ಕೊಟ್ಟ ಕಾಫಿ ಆರುವುದರೊಳಗೆ ಮುಗಿದುಹೋಗುತ್ತದೆ.

ತಾಲ್ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಆಟದ ದಿನಕ್ಕೆ ಸರಿಯಾಗಿ ಒಂದು ತಿಂಗಳಿಗೆ, ಜೂನ್ 28ರಂದು. ಐವತ್ತೈದು ವರ್ಷ. ದೇಹವನ್ನು ರಿಗಾಕ್ಕೆ ತಂದು ಯೆಹೂದಿಗಳ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಅದೇ ನಗರದ ನಡುವಿನ ವೆರ್ಮಾನೆ ಉದ್ಯಾನದಲ್ಲಿ 2001ರಿಂದ ಅವನ ಪ್ರತಿಮೆಯೊಂದು ನಿಂತಿದೆ.